ಪದಚರ್ಚೆ: ‘ಪರ್ಮಿಷನ್ಡ್’, ‘ಪರ್ಮಿಷನ್‌ಲೆಸ್’ ಬ್ಲಾಕ್‌ಚೈನ್‌ಗೆ ಕನ್ನಡದಲ್ಲಿ ಏನನ್ನೋಣ? (ಸಂಜೆಯೊಳಗೆ ಬೇಕು)

ಚಿಕ್ಕಮಗಳೂರಿನಿಂದ:
ಎಲ್ಲರಿಗೂ ನಮಸ್ಕಾರ. ಕಾಫಿ ಬೆಳೆಗಾರರ ಗುಂಪೊಂದಕ್ಕೆ ಕೈಪಿಡಿ ಅನುವಾದಿಸುತ್ತಿದ್ದೇನೆ. ಯಾವ ತೋಟದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಕಾಫಿ ಬೀಜ) ಯಾವತ್ತು ಕಣದಿಂದ ಎದ್ದಿತು, ಯಾವ ಕ್ಯೂರಿಂಗ್ ವರ್ಕ್ಸ್‌ಗೆ (ಬೀಜ ಹಸನು ಮಾಡುವ ಕಾರ್ಖಾನೆಗೆ) ಹೋಯಿತು, ಎಷ್ಟು ಮೂಟೆ ರಫ್ತಾಯಿತು ಎಂದು ದಾಖಲಿಸುವ ಆ್ಯಪ್ ಮಾಡಿಸಬೇಕೆಂದಿದ್ದಾರೆ. ಅದಕ್ಕೆ ಯಾವ ಬಗೆಯ ಬ್ಲಾಕ್‌ಚೈನ್ (ಹಲವರ ಕಂಪ್ಯೂಟರ್‌ಗಳಲ್ಲಿ ಒಟ್ಟಿಗೇ ಇರುವ, ಬರೆದದ್ದನ್ನು ಗುಟ್ಟಾಗಿ ತಿದ್ದಲಾಗದ ದಾಖಲೆ ಪುಸ್ತಕ) ಹೊಂದುತ್ತದೆ ಎನ್ನುವುದೇ ಕೈಪಿಡಿಯ ವಿಷಯ. ಕಾಫಿ ಮಂಡಳಿ 2019ರಲ್ಲಿ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಶುರುಮಾಡಿತ್ತಲ್ಲ, ಹಾಗಾಗಿ ಹೆಸರು ಇವರ ಕಿವಿಗೆ ಬಿದ್ದಿದೆ. ‘ಪರ್ಮಿಷನ್‌ಲೆಸ್’ (ಯಾರ ಅನುಮತಿಯೂ ಇಲ್ಲದೆ ಸೇರಬಹುದಾದದ್ದು), ‘ಪರ್ಮಿಷನ್ಡ್’ (ಅನುಮತಿ ಇದ್ದವರಷ್ಟೇ ಸೇರಬಹುದಾದದ್ದು) ಎರಡಕ್ಕೂ ಪದ ಬೇಕು. ಸಾಧ್ಯವಾದರೆ ‘ಲೆಡ್ಜರ್’ (ಲೆಕ್ಕದ ಪುಸ್ತಕ), ‘ಕನ್ಸೆನ್ಸಸ್’ (ಯಾವ ದಾಖಲೆ ಸರಿ ಎಂದು ಕಂಪ್ಯೂಟರ್‌ಗಳು ಒಪ್ಪಿಕೊಳ್ಳುವ ವಿಧಾನ) ಇವಕ್ಕೂ. ಸಂಜೆ ಪ್ರೆಸ್ಸಿಗೆ ಹೋಗುತ್ತದೆ.

ಮೈಸೂರಿನಿಂದ:
ಅನುಮತಿರಹಿತ, ಅನುಮತಿಸಹಿತ. ಇದರಲ್ಲಿ ಚರ್ಚೆಗೆ ಏನಿದೆ?

ದಾವಣಗೆರೆಯಿಂದ:
ಇದೆ ಸರ್. ‘ಅನುಮತಿರಹಿತ ಕಟ್ಟಡ’ ಎಂದರೆ ಪಾಲಿಕೆಯವರು ನೋಟಿಸು ಅಂಟಿಸುವ ಕಟ್ಟಡ. ಅನುಮತಿ ಪಡೆಯಬೇಕಿತ್ತು, ಪಡೆದಿಲ್ಲ ಎಂಬ ಅರ್ಥ ಆ ಪದಕ್ಕೆ ಆಗಲೇ ಅಂಟಿಕೊಂಡಿದೆ. ಇಲ್ಲಿ ಹೇಳಬೇಕಾದ್ದು ಅನುಮತಿ ಕೇಳುವ ಪ್ರಮೇಯವೇ ಇಲ್ಲ ಎಂದು. ‘ಸಾರ್ವಜನಿಕ’, ‘ಖಾಸಗಿ’ ಎಂದುಬಿಡಿ, ಸಾಕು.

ಬೆಂಗಳೂರಿನಿಂದ:
ಸಾಲದು. ನಾನು ಇದೇ ಕೆಲಸದಲ್ಲಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸಾರ್ವಜನಿಕ–ಖಾಸಗಿ ಎಂದ ಕೂಡಲೇ ಯಾರು ನೋಡಬಹುದು ಎಂಬ ಕಡೆಗೆ ಮನಸ್ಸು ಹೋಗುತ್ತದೆ. ಇಲ್ಲಿ ಕೇಳುತ್ತಿರುವುದು ಯಾರು ಬರೆಯಬಹುದು, ಬರೆದದ್ದನ್ನು ಯಾರು ದೃಢೀಕರಿಸಬಹುದು ಎಂದು. 2009ರಲ್ಲಿ ಶುರುವಾದ ಬಿಟ್‌ಕಾಯಿನ್‌ನಲ್ಲಿ ಯಾರು ಬೇಕಾದರೂ ಕಂಪ್ಯೂಟರ್ ಹೂಡಿ ಬ್ಲಾಕ್ (ವಹಿವಾಟುಗಳ ಒಂದು ಕಂತೆ) ಕಟ್ಟುವ ಪೈಪೋಟಿಗೆ ಇಳಿಯಬಹುದು; ಸುಮಾರು 10 ನಿಮಿಷಕ್ಕೊಂದು ಬ್ಲಾಕ್ ಸೇರುತ್ತದೆ. ಇಥೀರಿಯಂ ಎಂಬ ಇನ್ನೊಂದು ಬ್ಲಾಕ್‌ಚೈನ್ 2022ರ ಸೆಪ್ಟೆಂಬರ್‌ನಲ್ಲಿ ಆ ಪೈಪೋಟಿ ಬಿಟ್ಟು ಠೇವಣಿ ಪದ್ಧತಿಗೆ ಬಂತು. 32 ಈಥರ್ (ಅದರ ನಾಣ್ಯ) ಠೇವಣಿ ಇಟ್ಟವರು ದೃಢೀಕರಿಸಬಹುದು, ಅವರ ಹೆಸರು ಊರು ಯಾರೂ ಕೇಳುವುದಿಲ್ಲ. ಸಂಸ್ಥೆಗಳು ತಮ್ಮೊಳಗೆ ಬ್ಲಾಕ್‌ಚೈನ್ ಕಟ್ಟಿಕೊಳ್ಳಲು ಬಳಸುವ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ತಂತ್ರಾಂಶ ಹಾಗಲ್ಲ. ಗುರುತಿನ ಪ್ರಮಾಣಪತ್ರ ಇಲ್ಲದವರಿಗೆ ಒಳಗೆ ಬರಲಾಗುವುದಿಲ್ಲ, ಯಾವ ಯಾವ ಸಂಸ್ಥೆಗಳ ಸಹಿ ಬಿದ್ದರೆ ವಹಿವಾಟು ಸಿಂಧು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ.

ಈಗ ಕಾಫಿಗೆ ಬನ್ನಿ. ಬರೆಯುವವರು ಬೆಳೆಗಾರರು, ಕ್ಯೂರಿಂಗ್‌ನವರು, ರಫ್ತುದಾರರು ಮಾತ್ರ. ಆದರೆ ಪೊಟ್ಟಣದ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಯಾವ ಗಿರಾಕಿ ಬೇಕಾದರೂ ಓದುವಂತಿರಬೇಕು. ಇದನ್ನು ‘ಖಾಸಗಿ’ ಎಂದರೆ ಓದುಗನ ದಾರಿ ತಪ್ಪಿಸಿದಂತೆ.

ಶಿರಸಿಯಿಂದ:
ಅನುಮತಿ, ಸಾರ್ವಜನಿಕ, ಖಾಸಗಿ. ಇವುಗಳಲ್ಲಿ ಕನ್ನಡದ್ದು ಯಾವುದು? ‘ತೆರೆದ ಸರಪಳಿ’, ‘ಕೂಟದ ಸರಪಳಿ’ ಎನ್ನಿ. ಲೆಡ್ಜರಿಗೆ ‘ಕಡತ’ ಇದೆ. ಕಪ್ಪು ಬಳಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಲ್ಲಿ ನಮ್ಮ ಹಿರಿಯರು ಲೆಕ್ಕ ಬರೆದಿಡುತ್ತಿದ್ದ ಪುಸ್ತಕದ ಹೆಸರದು. ಕಚೇರಿಯವರು ಅದನ್ನು ಫೈಲಿಗೆ ತಗುಲಿಸಿ ಕೆಡಿಸಿದರು. ಈಗಲಾದರೂ ಅದರ ಜಾಗಕ್ಕೆ ಅದನ್ನು ಕೂರಿಸಿ.

ಧಾರವಾಡದಿಂದ:
ಕಡತ ಖಂಡಿತ ಸಲ್ಲದು. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಆ ಬಟ್ಟೆಯ ಮೇಲೆ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಅದೇ ಅದರ ಅನುಕೂಲ. ಬ್ಲಾಕ್‌ಚೈನ್‌ನಲ್ಲಿ ಪ್ರತಿ ಬ್ಲಾಕೂ ಹಿಂದಿನದರ ಹ್ಯಾಷ್ (ಅದರಲ್ಲಿ ಬರೆದದ್ದರಿಂದಲೇ ಲೆಕ್ಕಹಾಕಿದ ಗುರುತುಸಂಖ್ಯೆ) ಹೊತ್ತಿರುತ್ತದೆ. ಹಳೆಯ ಒಂದು ಅಂಕಿ ತಿದ್ದಿದರೂ ಮುಂದಿನ ಕೊಂಡಿಗಳೆಲ್ಲ ತಾಳೆ ತಪ್ಪುತ್ತವೆ. ಒರೆಸುವ ಪುಸ್ತಕದ ಹೆಸರನ್ನು ಒರೆಸಲಾಗದ ಪುಸ್ತಕಕ್ಕೆ ಇಡುತ್ತೀರಾ?

ನಮ್ಮ ಕಡೆ ಅಂಗಡಿಕಾರರು ‘ಕಿರ್ದಿ’ ಬರೆಯುತ್ತಾರೆ. ತಾರೀಖಿನ ಪ್ರಕಾರ, ಒಂದರ ಕೆಳಗೊಂದು. ತಪ್ಪಾದರೆ ಅಳಿಸುವ ರೂಢಿ ಇಲ್ಲ, ಮುಂದೆ ತಿರುಗು ಜಮೆ (ತಪ್ಪನ್ನು ಸರಿದೂಗಿಸುವ ಎದುರು ಲೆಕ್ಕ) ಹಾಕುತ್ತಾರೆ. ಇದಕ್ಕಿಂತ ಹತ್ತಿರದ ಪದ ಸಿಕ್ಕರೆ ಹೇಳಿ.

ಶಿರಸಿಯಿಂದ:
ಕಿರ್ದಿ ಮರಾಠಿ.

ಧಾರವಾಡದಿಂದ:
ಹೌದು, ಮರಾಠಿಯ ಕೀರ್ದ. ಖಾತೆ, ಕರಾರು, ಅರ್ಜಿ, ಜಮೀನು, ಕೊನೆಗೆ ನೀವೇ ಬರೆದ ಕಚೇರಿ, ಎಲ್ಲವೂ ಹೊರಗಿನಿಂದ ಬಂದವೇ. ತಲೆಮಾರುಗಳಿಂದ ನಮ್ಮ ಅಂಗಡಿಯಲ್ಲಿ ದುಡಿದ ಪದಕ್ಕೆ ಈಗ ಹುಟ್ಟೂರಿನ ದಾಖಲೆ ಕೇಳಬೇಡಿ.

ಶಿರಸಿಯಿಂದ:
ಬಂದದ್ದೆಲ್ಲ ನಮ್ಮದು ಎನ್ನುತ್ತಾ ಹೋದರೆ ಹೊಸ ಪದ ಕಟ್ಟುವ ಶಕ್ತಿಯೇ ಉಡುಗುತ್ತದೆ. ನನ್ನ ತಕರಾರು ಅದು. ಮರಾಠಿಯ ಮೇಲೆ ನನಗೆ ಸಿಟ್ಟಿಲ್ಲ.

ಮೈಸೂರಿನಿಂದ:
‘ತಕರಾರು’ ಅರಬ್ಬಿ. ಕನ್ಸೆನ್ಸಸ್‌ಗೆ ‘ಒಮ್ಮತ’ ಹಾಕಿ ಮುಗಿಸಿ.

ಬೆಂಗಳೂರಿನಿಂದ:
ಒಮ್ಮತ ಎಂದರೆ ಎದುರು ಮಾತೇ ಇಲ್ಲದ ಸ್ಥಿತಿ. ಬಿಟ್‌ಕಾಯಿನ್‌ನಲ್ಲಿ ಹೆಚ್ಚು ಲೆಕ್ಕಾಚಾರ ಸುರಿದ ಸರಪಳಿಯೇ ಊರ್ಜಿತ. ನಿಯಮದ ವಿಷಯಕ್ಕೇ ಜಗಳವಾಗಿ 2017ರಲ್ಲಿ ಬಿಟ್‌ಕಾಯಿನ್ ಕ್ಯಾಶ್ ಬೇರೆಯಾಯಿತು. ಫ್ಯಾಬ್ರಿಕ್‌ನಲ್ಲಿ ರಾಫ್ಟ್ ವಿಧಾನ ಬಳಸಿದರೆ, ಬ್ಲಾಕ್ ಜೋಡಿಸುವ ಕಂಪ್ಯೂಟರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಪ್ಪಿದರೆ ಸಾಕು. ‘ಸಹಮತ’ ಎಂದರೆ ಎರಡಕ್ಕೂ ನಡೆಯುತ್ತದೆ.

ಇನ್ನು ‘ತೆರೆದ’, ‘ಮುಕ್ತ’ ಎಂದು ಬರಿದೇ ಬರೆಯಬೇಡಿ. ‘ಮುಕ್ತ ತಂತ್ರಾಂಶ’ (ಯಾರು ಬೇಕಾದರೂ ಕೋಡ್ ನೋಡಿ, ಬದಲಿಸಿ ಬಳಸಬಹುದಾದ ತಂತ್ರಾಂಶ) ಎಂಬ ಪದ ಈಗಾಗಲೇ ರೂಢಿಯಲ್ಲಿದೆ, ಫ್ಯಾಬ್ರಿಕ್ ಕೂಡ ಮುಕ್ತ ತಂತ್ರಾಂಶವೇ. ಒಂದೇ ಪುಟದಲ್ಲಿ ಅದನ್ನು ಮುಕ್ತ ಎಂದೂ ಮುಕ್ತವಲ್ಲ ಎಂದೂ ಬರೆಯಬೇಕಾಗುತ್ತದೆ. ‘ಮುಕ್ತ ಪ್ರವೇಶದ’ ಎಂದು ಬಿಡಿಸಿ ಹೇಳಿ. ಇನ್ನೊಂದಕ್ಕೆ ‘ಸದಸ್ಯರ’ ಎನ್ನಬಹುದು. ಸಹಕಾರ ಸಂಘ ಕಂಡ ಬೆಳೆಗಾರರಿಗೆ ಸದಸ್ಯತ್ವ ಎಂದರೇನೆಂದು ಯಾರೂ ವಿವರಿಸಬೇಕಿಲ್ಲ.

ಚಿಕ್ಕಮಗಳೂರಿನಿಂದ:
ಎಲ್ಲರಿಗೂ ಧನ್ಯವಾದ. ಪ್ರೆಸ್ಸಿಗೆ ಕಳಿಸಿದ ವಾಕ್ಯ ಇದು: ‘ಗುರುತು ಪರಿಚಯ ಇಲ್ಲದವರೂ ಕಿರ್ದಿ ಬರೆಯುವಂತಿರಬೇಕಾದರೆ ಮುಕ್ತ ಪ್ರವೇಶದ ಬ್ಲಾಕ್‌ಚೈನ್ ಆರಿಸಿ; ಬರೆಯುವವರು ಯಾರೆಂದು ಮೊದಲೇ ಗೊತ್ತಿದ್ದು, ಒಬ್ಬರ ಪುಸ್ತಕವನ್ನು ಇನ್ನೊಬ್ಬರು ನಂಬದಿದ್ದರೆ ಸದಸ್ಯರ ಬ್ಲಾಕ್‌ಚೈನ್ ಆರಿಸಿ.’ ಕನ್ಸೆನ್ಸಸ್‌ಗೆ ‘ಸಹಮತ’ ಹಾಕಿದ್ದೇನೆ.

ಶಿರಸಿಯಿಂದ:
‘ಬ್ಲಾಕ್‌ಚೈನ್’ ಹಾಗೇ ಉಳಿಯಿತಲ್ಲ! ಎರಡನೇ ಮುದ್ರಣದ ಹೊತ್ತಿಗೆ ಅದಕ್ಕೊಂದು ಪದ ಕಳಿಸುತ್ತೇನೆ.