8 ತಿಂಗಳಲ್ಲಿ ಎರಡನೇ ಸಲ ನಾಜಲ್ ಹೋಗಿದೆ, ಡೀಸೆಲ್‌ಗೆ ನೀರು ಎಲ್ಲಿಂದ ಬರ್ತಿದೆ?

ಚಿಂತಾಮಣಿ_ಕೆಂಪುಮಣ್ಣು:

ಎಲ್ಲರಿಗೂ ನಮಸ್ಕಾರ. ಗಾಡಿ 45 ಎಚ್‌ಪಿ ಟ್ರ್ಯಾಕ್ಟರ್, 3 ಸಿಲಿಂಡರ್, ಡೀಸೆಲ್ ಒತ್ತೋದು ರೋಟರಿ ಪಂಪು, 2,900 ಗಂಟೆ ಓಡಿದೆ. 8 ತಿಂಗಳ ಹಿಂದೆ ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸೋ ಮೂರೂ ನಾಜಲ್ ಹೊಸದು ಹಾಕಿಸಿದ್ದು. ಈಗ ಮತ್ತೆ ಅದೇ ತೊಂದರೆ. ಬೆಳಿಗ್ಗೆ ತುಂಬಾ ಹೊತ್ತು ಸೆಲ್ಫ್ ಹೊಡೀಬೇಕು, ಸ್ಟಾರ್ಟ್ ಆದ ಮೇಲೆ 10 ನಿಮಿಷ ಬಿಳಿ ಹೊಗೆ, ಒಂದು ಸಿಲಿಂಡರ್ ಬಿಟ್ಟು ಬಿಟ್ಟು ಹೊಡೆಯುತ್ತೆ. ರೋಟವೇಟರ್ ಇಳಿಸಿದರೆ ಕಪ್ಪು ಹೊಗೆ ಬಂದು ಎಂಜಿನ್ ಕೂತುಬಿಡುತ್ತೆ. ಫಿಲ್ಟರ್ ಹೋದ ತಿಂಗಳಷ್ಟೇ ಬದಲಾಯಿಸಿದ್ದು. ಬಿಚ್ಚಿ ನೋಡಿದರೆ ಒಳಗೆಲ್ಲ ಕಪ್ಪಗೆ ಲೋಳೆ ಅಂಟಿದೆ.

ಬಂಕು ಊರಿಂದ 14 ಕಿ.ಮೀ. ಅದಕ್ಕೇ 200 ಲೀಟರ್ ಡ್ರಮ್ಮಲ್ಲಿ ತಂದಿಟ್ಟು, ಕೈಪಂಪಲ್ಲಿ ಕ್ಯಾನಿಗೆ ಹಿಡಿದು, ಪಂಚೆ ಬಟ್ಟೆಯಲ್ಲಿ ಸೋಸಿ ಟ್ಯಾಂಕಿಗೆ ಹಾಕೋದು. ಮೆಕ್ಯಾನಿಕ್ಕು ಮೂರೂ ನಾಜಲ್ ಹಾಕಿಸಿ, ಪಂಪೂ ಬಿಚ್ಚಬೇಕು ಅಂತಾರೆ. ಬಂಕಿನ ಡೀಸೆಲ್ಲೇ ಸರಿ ಇಲ್ವಾ? ಮೂರೂ ಹಾಕಿಸಲೇಬೇಕಾ?

ಪಂಪ್‌ಬೆಂಚ್_ತುಮಕೂರು:

ಅಣ್ಣ, ಹೊಸ ನಾಜಲ್‌ಗೆ ಈಗಲೇ ದುಡ್ಡು ಹಾಕಬೇಡಿ. ಟ್ಯಾಂಕಿ ತೊಳೆಯದೆ ಹಾಕಿದರೆ ಅವೂ ಇದೇ ದಾರಿ ಹಿಡೀತವೆ.

ಲೋಳೆ ಅಂದ್ರಲ್ಲ, ಅದು ಬರೀ ಧೂಳು ಮಣ್ಣಲ್ಲ. ತಳದಲ್ಲಿ ನೀರು, ಮೇಲೆ ಡೀಸೆಲ್ ನಿಂತಾಗ ಎರಡೂ ಸೇರೋ ಗೆರೆಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತೆ. ನೀರಿಲ್ಲದಿದ್ದರೆ ಅದು ಬೆಳೆಯೋದೇ ಇಲ್ಲ. ಅಂದ್ರೆ ನಿಮ್ಮ ಟ್ಯಾಂಕಿಯಲ್ಲೋ ಡ್ರಮ್ಮಲ್ಲೋ ಬಹಳ ದಿನದಿಂದ ನೀರು ನಿಂತಿದೆ.

ಖಾತ್ರಿ ಮಾಡ್ಕೊಳ್ಳೋದು ಹೀಗೆ. ಗಾಡಿಯನ್ನ ರಾತ್ರಿಯೆಲ್ಲ ಅಲ್ಲಾಡಿಸದೆ ಬಿಡಿ. ಬೆಳಿಗ್ಗೆ ಸ್ಟಾರ್ಟ್ ಮಾಡೋ ಮೊದಲು ಟ್ಯಾಂಕಿ ತಳದ ಡ್ರೈನ್ ಬೋಲ್ಟ್ ಸಡಿಲಿಸಿ 1 ಲೀಟರ್‌ನಷ್ಟು ಬಿಳಿ ಗಾಜಿನ ಬಾಟಲಿಗೆ ಹಿಡೀರಿ. ಅರ್ಧ ಗಂಟೆ ಇಡಿ. ಡೀಸೆಲ್ ನೀರಿಗಿಂತ ಹಗುರ, ಲೀಟರ್‌ಗೆ 830 ಗ್ರಾಂ ಆಸುಪಾಸು ತೂಗುತ್ತೆ, ಹಾಗಾಗಿ ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ಕಾಣುತ್ತೆ. ಪದರ ಕಾಣದೆ ಇಡೀ ಬಾಟಲಿ ಮಬ್ಬಾಗಿದ್ದರೂ ನೀರು ಬೆರೆತಿದೆ ಅಂತಲೇ ಲೆಕ್ಕ. ಡ್ರಮ್ಮಿನ ತಳದ್ದನ್ನೂ ಹೀಗೇ ಬೇರೆ ಬಾಟಲಿಗೆ ತೆಗೆದು ನೋಡಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕೊಳೆ ಎಲ್ಲಿಂದ ಬಂತು ಅನ್ನೋದು ಗೊತ್ತಾಗುತ್ತೆ.

ನೀರು ಮಾಡೋ ಹಾನಿ ಏನು ಅಂದ್ರೆ, ಪಂಪಿನಲ್ಲಿ ಡೀಸೆಲ್ ಒತ್ತೋ ಪ್ಲಂಜರ್‌ಗೂ ಅದರ ಗೂಡಿಗೂ ನಡುವೆ ಬಿಡುವು 2ರಿಂದ 4 ಮೈಕ್ರಾನ್ ಅಷ್ಟೇ. ತಲೆಕೂದಲು 70 ಮೈಕ್ರಾನ್ ಆಸುಪಾಸು ದಪ್ಪ. ಆ ಸಂದಿಗೆ ಎಣ್ಣೆಯಾಗಿರೋದು ಡೀಸೆಲ್ಲೇ. ಸಿಲಿಂಡರ್‌ಗೊಂದು ಪ್ಲಂಜರ್ ಸಾಲಾಗಿರೋ ಇನ್‌ಲೈನ್ ಪಂಪಿಗಾದರೆ ಕೆಳಗಿನ ಕ್ಯಾಮ್‌ಗೆ ಎಂಜಿನ್ ಆಯಿಲ್ ಇರುತ್ತೆ. ನಿಮ್ಮ ರೋಟರಿಗೆ ಒಳಗಿನದೆಲ್ಲ ಡೀಸೆಲ್ ಮೇಲೇ ನಡೆಯಬೇಕು. ನೀರು ಬಂದ ಕಡೆ ಎಣ್ಣೆಯ ಪೊರೆ ಹರಿದು ಲೋಹಕ್ಕೆ ಲೋಹ ಉಜ್ಜುತ್ತೆ, ನಿಂತಾಗ ತುಕ್ಕು ಹಿಡಿಯುತ್ತೆ. ನಾಜಲ್ ತುದಿಯ ಬಿಸಿಗೆ ಆ ನೀರು ತಟ್ಟನೆ ಆವಿಯಾದರೆ ತುದಿಯೇ ಸಿಡಿದು ಹೋಗೋದೂ ಉಂಟು.

ಈಗ ಕೆಲಸಕ್ಕೆ ಬನ್ನಿ. ಟ್ಯಾಂಕಿ ಪೂರಾ ಖಾಲಿ ಮಾಡಿ, ಲೋಳೆ ಇರೋದರಿಂದ ಇಳಿಸಿಯೇ ತೊಳೀರಿ. 2–3 ಲೀಟರ್ ಶುದ್ಧ ಡೀಸೆಲ್ ಹಾಕಿ ಕುಲುಕಿ ಚೆಲ್ಲಿ, ಚೆಲ್ಲಿದ್ದು ತಿಳಿಯಾಗಿ ಬರೋವರೆಗೂ. ಸೋಪಿನ ನೀರು ಬೇಡವೇ ಬೇಡ. ಟ್ಯಾಂಕಿ ನಲ್ಲಿಯ ಮೇಲೆ ಒಂದು ಸಣ್ಣ ಜಾಲರಿ ಇರುತ್ತೆ, ಎಷ್ಟೋ ಜನ ಅದನ್ನ ಮರೀತಾರೆ, ಲೋಳೆ ಮೊದಲು ಕಟ್ಟೋದೇ ಅಲ್ಲಿ. ಪೈಪುಗಳನ್ನ ಎರಡೂ ಕಡೆ ಕಳಚಿ ಗಾಳಿ ಹೊಡೀರಿ. ಪಂಪಿಗೆ ಸೇರಿಸಿದ ಹಾಗೇ ಹೊಡೆದರೆ ಕೊಳೆ ನೇರ ಪಂಪಿನ ಒಳಗೆ. ನೀರಿನ ಕಪ್ಪು (ಡೀಸೆಲ್‌ನಲ್ಲಿನ ನೀರು ಇಳಿದು ನಿಲ್ಲೋ ಬಟ್ಟಲು) ಬಿಚ್ಚಿ ತೊಳೆದು, ಎರಡೂ ಫಿಲ್ಟರ್, ಅದರ ರಬ್ಬರ್ ರಿಂಗು, ಬ್ಯಾಂಜೊ ಬೋಲ್ಟಿನ (ಡೀಸೆಲ್ ಪೈಪು ಜೋಡಿಸೋ ಟೊಳ್ಳು ಬೋಲ್ಟು) ತಾಮ್ರದ ವಾಷರ್ ಹೊಸದು ಹಾಕಿ. ಹಳೇ ವಾಷರ್ ಗಾಳಿ ಎಳೆಯುತ್ತೆ. ಆಮೇಲೆ ಬಿಳಿ ಹೊಗೆ ನಾಜಲ್‌ನಿಂದಲೋ ಗಾಳಿಯಿಂದಲೋ ಅಂತ ತಲೆ ಕೆಡಿಸ್ಕೊಳ್ಳೋ ಹಾಗಾಗುತ್ತೆ.

ಏರ್ ತೆಗೆಯೋದು ಟ್ಯಾಂಕಿ ಕಡೆಯಿಂದ ಶುರು ಮಾಡಿ. ಮೊದಲನೇ ಫಿಲ್ಟರ್‌ನ ಸ್ಕ್ರೂ, ಆಮೇಲೆ ಎರಡನೇದು, ಆಮೇಲೆ ಪಂಪಿನದು. ಒಂದೊಂದರಲ್ಲೂ ಗುಳ್ಳೆ ನಿಂತು ತುಂಬಿದ ಧಾರೆ ಬರೋವರೆಗೂ ಕೈ ಪ್ರೈಮರ್ (ಡೀಸೆಲ್ ತುಂಬಿಸೋ ಸಣ್ಣ ಪಂಪು) ಹೊಡೆದು ಬಿಗೀರಿ. ಕೊನೆಗೆ ನಾಜಲ್ ಪೈಪುಗಳ ನಟ್ ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಕೊಡಿ. ಒಂದು ಸಲಕ್ಕೆ 10–15 ಸೆಕೆಂಡು, ಮಧ್ಯೆ ಒಂದು ನಿಮಿಷ ಬಿಡುವು.

ಮೂರೂ ಹಾಕಿಸಬೇಕಾ ಅಂದ್ರಲ್ಲ. ಎಂಜಿನ್ ನಿಧಾನಕ್ಕೆ ಓಡ್ತಿರುವಾಗ ಒಂದೊಂದೇ ನಾಜಲ್ ಪೈಪಿನ ನಟ್ ಮೇಲೆ ಬಟ್ಟೆ ಮುಚ್ಚಿ ಸಡಿಲಿಸಿ. ಎಂಜಿನ್ ಸದ್ದು ಕುಸಿದರೆ ಆ ಸಿಲಿಂಡರ್ ಕೆಲಸ ಮಾಡ್ತಿತ್ತು ಅಂತ. ಏನೂ ಬದಲಾಗದಿದ್ದರೆ ತೊಂದರೆ ಅಲ್ಲೇ. ಕೈ, ಕಣ್ಣು ದೂರ ಇರಲಿ. ಆ ಒತ್ತಡದ ಧಾರೆ ಚರ್ಮ ತೂರಿ ಒಳಗೆ ಹೋಗುತ್ತೆ. ಹಾಗಾದರೆ ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು.

ಆಮೇಲೆ ಮೂರನ್ನೂ ಬಿಚ್ಚಿ ಟೆಸ್ಟರ್ ಮೇಲೆ ನಿಮ್ಮ ಎದುರಿಗೇ ನೋಡಿಸಿ. ತೆರೆಯೋ ಒತ್ತಡ ಗಾಡಿಯ ಪುಸ್ತಕದಲ್ಲಿ ಬರೆದಷ್ಟು ಇರಬೇಕು, ಈ ಥರದ ಎಂಜಿನ್‌ಗಳಿಗೆ ಸಾಮಾನ್ಯವಾಗಿ 200ರಿಂದ 260 ಬಾರ್ ಒಳಗೆ. ಸಿಂಪರಣೆ ಮಂಜಿನ ಹಾಗೆ ಬರಬೇಕು, ದಾರದ ಹಾಗೆ ಬಂದರೆ ಕೆಟ್ಟಿದೆ. ತೆರೆಯೋ ಒತ್ತಡಕ್ಕಿಂತ 20 ಬಾರ್ ಕಡಿಮೆಯಲ್ಲಿ 10 ಸೆಕೆಂಡು ಹಿಡಿದರೆ ತುದಿಯಿಂದ ಹನಿ ಬೀಳಬಾರದು. ಪಾಸಾದದ್ದನ್ನ ಬದಲಾಯಿಸಬೇಡಿ. ಕೆಟ್ಟದ್ದಕ್ಕೂ ಸೂಜಿ ಮತ್ತು ನಾಜಲ್ ಜೋಡಿ ಮಾತ್ರ ಸಾಕು, ಹೋಲ್ಡರ್ ಹಳೇದೇ ಇರಲಿ. ಒಂದರ ಸೂಜಿ ಇನ್ನೊಂದಕ್ಕೆ ಹಾಕಬಾರದು. ವಾಪಸ್ ಕೂರಿಸುವಾಗ ಹೆಡ್ಡಿನ ಗುಂಡಿಯಲ್ಲಿ ಹಳೇ ತಾಮ್ರದ ವಾಷರ್ ಅಂಟಿಕೊಂಡಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಅದರ ಮೇಲೆ ಹೊಸದು ಕೂತರೆ ನಾಜಲ್ ಎತ್ತರ ಬದಲಾಗಿ, ಸರಿ ಇದ್ದದ್ದೂ ಹೊಗೆ ಬಿಡುತ್ತೆ.

ಎಂಜಿನ್ ಆಯಿಲ್ ಗೇಜನ್ನೂ ಇವತ್ತೇ ನೋಡಿ. ಮಟ್ಟ ಮೇಲೆ ಬಂದಿದ್ದು ಡೀಸೆಲ್ ವಾಸನೆ ಬಂದರೆ, ಸೋರೋ ನಾಜಲ್‌ನಿಂದ ಡೀಸೆಲ್ ಆಯಿಲ್‌ಗೆ ಇಳಿದಿರಬಹುದು. ಆಗ ಆಯಿಲೂ ಬದಲಾಯಿಸದೆ ಹೊಲಕ್ಕೆ ಇಳಿಸಬೇಡಿ.

ಮುಳಬಾಗಿಲು_ಬೋರ್‌ವೆಲ್:

ಮೇಲಿನವರು ಗಾಡಿ ವಿಷಯ ಪೂರ್ತಿ ಹೇಳಿದ್ದಾರೆ. ನನಗೆ ಅನುಮಾನ ಡ್ರಮ್ಮಿನ ಮೇಲೆ. ಅದು ಬಿಸಿಲು ಮಳೆಗೆ ಹೊರಗೆ ನೆಟ್ಟಗೆ ನಿಂತಿದೆಯಾ?

ಡ್ರಮ್ಮಿನ ಮೇಲ್ಗಡೆ ಅಂಚು ಎತ್ತರ, ಮಧ್ಯ ತಗ್ಗು. ಮಳೆ ನೀರು ತಟ್ಟೆಯಲ್ಲಿ ನಿಂತ ಹಾಗೆ ಮುಚ್ಚಳದ ಸುತ್ತ ನಿಲ್ಲುತ್ತೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತೆ. ಸಂಜೆ ಮಳೆ ಬಂದು ತಣ್ಣಗಾದಾಗ ಗಾಳಿ ಕುಗ್ಗಿ ಒಳಗೆ ಎಳೆಯುತ್ತೆ. ಮುಚ್ಚಳದ ಮರೆ ಮೇಲೆ ನೀರು ನಿಂತಿದ್ದರೆ ಗಾಳಿ ಬದಲು ನೀರನ್ನೇ ಎಳೆಯುತ್ತೆ. ಮುಚ್ಚಳ ಬಿಗಿಯಾಗಿದೆ ಅನ್ನಿಸಿದರೂ ವಾಷರ್ ಒಣಗಿದ್ದರೆ ಸಾಕು. ಅರ್ಧ ಖಾಲಿ ಟ್ಯಾಂಕಿಯಲ್ಲಿ ಇಬ್ಬನಿ ಕಟ್ಟಿ ಇಳಿಯೋದು ರಾತ್ರಿಗೆ ಕೆಲವು ಹನಿ ಅಷ್ಟೇ. ಡ್ರಮ್ಮು ಎಳೆಯೋದು ಅದಕ್ಕಿಂತ ಎಷ್ಟೋ ಹೆಚ್ಚು.

ನೆರಳಿಗೆ ತನ್ನಿ, ಮೇಲೆ ಶೀಟ್ ಇರಲಿ. ಮರದ ದಿಮ್ಮಿ ಮೇಲೆ ನಿಲ್ಲಿಸಿ, ಒಂದು ಕಡೆ ಇಟ್ಟಿಗೆ ಕೊಟ್ಟು ವಾಲಿಸಿ. ವಾಲಿಸೋದರಲ್ಲೂ ಕ್ರಮ ಇದೆ. ದೊಡ್ಡ ಮುಚ್ಚಳ, ಸಣ್ಣ ಮುಚ್ಚಳ ಎರಡೂ ಗಡಿಯಾರದ 3 ಮತ್ತು 9ರ ಜಾಗಕ್ಕೆ ಬರಲಿ, ತಗ್ಗು 6ರ ಕಡೆ ಇರಲಿ. ಮೇಲೆ ಬಿದ್ದ ನೀರು ಮುಚ್ಚಳ ಮುಟ್ಟಲ್ಲ. ಒಳಗೆ ತಳದ ನೀರೂ ಅದೇ 6ರ ಮೂಲೆಗೆ ಸೇರೋದರಿಂದ ಕೈಪಂಪಿನ ಕೊಳವೆಗೆ ಸಿಗಲ್ಲ. ಕೊಳವೆ ತುದಿ ತಳದಿಂದ 3 ಇಂಚು ಮೇಲಿರೋ ಹಾಗೆ ಕತ್ತರಿಸಿ. ಉಳಿಯೋ ತಳದ ಡೀಸೆಲ್ ವ್ಯರ್ಥ ಅನ್ನಿಸುತ್ತೆ, ಆದರೆ ನಾಜಲ್ ತಿನ್ನೋದು ಅದೇ. ಡ್ರಮ್ಮು ತುಂಬಿಸಿದ ಮೇಲೆ 24 ಗಂಟೆ ಮುಟ್ಟಬೇಡಿ.

ಪಂಚೆ ಬಟ್ಟೆ ಇವತ್ತಿಂದಲೇ ಬಿಡಿ. ನೂಲಿನ ಸಂದಿ ಹತ್ತಾರು ಮೈಕ್ರಾನ್ ಅಗಲ ಇರುತ್ತೆ. ಪಂಪು ಕೆಡಿಸೋ ಕಣ ಅದರಲ್ಲಿ ಸಲೀಸಾಗಿ ದಾಟುತ್ತೆ, ಜೊತೆಗೆ ಬಟ್ಟೆಯ ಎಳೆಯೂ ಹೋಗುತ್ತೆ. ನೀರನ್ನಂತೂ ತಡೆಯಲ್ಲ. ನೀರು ಬೇರ್ಪಡಿಸೋ ಜಾಲರಿಯ ಆಲಿಕೆ ಸಿಗುತ್ತೆ, ಇಲ್ಲವೇ ಕೈಪಂಪಿನ ಹೊರಗಿನ ಕೊಳವೆಗೆ ನೀರು ಬೇರ್ಪಡಿಸೋ ಫಿಲ್ಟರ್ ಹಾಕಿಸಿ.

ಜಿಐ ಡ್ರಮ್ಮು, ಜಿಐ ಪೈಪು ಇದ್ದರೆ ಅದನ್ನೂ ತೆಗೀರಿ. ಆ ಸತುವಿನ ಲೇಪ ಡೀಸೆಲ್ ಜೊತೆ ಸೇರಿ ಸೋಪಿನಂಥ ಗಸಿ ಕಟ್ಟಿ ಫಿಲ್ಟರ್ ಮುಚ್ಚುತ್ತೆ.

ಚಿಂತಾಮಣಿ_ಕೆಂಪುಮಣ್ಣು:

ಅಣ್ಣಂದಿರಿಗೆ ಧನ್ಯವಾದ. ಎರಡೂ ಬಾಟಲಿ ನೋಡಿದೆ. ಟ್ಯಾಂಕಿಯದರಲ್ಲಿ ತಳದಲ್ಲಿ ಒಂದು ಬೆರಳಗಲ ನೀರು, ಗೆರೆ ಮೇಲೆ ಕಂದು ಕೆನೆ. ಡ್ರಮ್ಮಿನದರಲ್ಲಿ ಅರ್ಧಕ್ಕರ್ಧ ನೀರು. ಡ್ರಮ್ಮು ಶೆಡ್ಡಿನ ಹಿಂದೆ, ಸೂರಿನ ನೀರು ಬೀಳೋ ಜಾಗದಲ್ಲೇ ನೆಟ್ಟಗಿದೆ. ನಟ್ ಸಡಿಲಿಸಿ ನೋಡಿದಾಗ 2ನೇ ಸಿಲಿಂಡರ್ ಮಾತ್ರ ಸದ್ದು ಬದಲಾಗಲಿಲ್ಲ. ಹಾಗಾದರೆ ಬಂಕಿನದ್ದೇನೂ ತಪ್ಪಿಲ್ವಾ? ಲೋಳೆ ಸಾಯಿಸೋ ಔಷಧಿ ಡೀಸೆಲ್‌ಗೆ ಹಾಕಿದರೆ ಸಾಕಾ?

ಪಂಪ್‌ಬೆಂಚ್_ತುಮಕೂರು:

ಬಂಕಿನದ್ದನ್ನೂ ನೋಡ್ಕೊಳ್ಳೋಕೆ ದಾರಿ ಇದೆ. ದಿನದ ಡೆನ್ಸಿಟಿ (ಸಾಂದ್ರತೆ) ಬೋರ್ಡ್ ಮೇಲೆ ಬರೆದಿರುತ್ತಾರೆ. ನಿಮ್ಮೆದುರು ಅದನ್ನ ಅಳೆಯೋ ಹೈಡ್ರೋಮೀಟರ್ ಹಾಕಿ 15 ಡಿಗ್ರಿಗೆ ಪರಿವರ್ತಿಸಿ ತೋರಿಸಿ ಅಂತ ಕೇಳಬಹುದು. ಬೋರ್ಡಿನ ಅಂಕಿಗೂ ಅದಕ್ಕೂ ಘನ ಮೀಟರಿಗೆ 3 ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ತುಂಬಿಸ್ಕೋಬೇಡಿ. ಟ್ಯಾಂಕರ್ ಇಳಿಸ್ತಿರುವಾಗ, ಇಳಿಸಿ ಸ್ವಲ್ಪ ಹೊತ್ತಿನವರೆಗೂ ತುಂಬಿಸೋದು ಬೇಡ, ತಳದ ಗಸಿ ಕದಡಿರುತ್ತೆ. ಆದರೆ ನಿಮ್ಮ ಬಾಟಲಿ ನೋಡಿದರೆ ಸೂರಿನ ನೀರೇ ಕಾರಣ.

ಔಷಧಿ ಬೂಷ್ಟನ್ನ ಸಾಯಿಸುತ್ತೆ, ಆದರೆ ಸತ್ತದ್ದು ಟ್ಯಾಂಕಿಯಲ್ಲೇ ಉಳಿದು ಫಿಲ್ಟರ್‌ಗೆ ಬರುತ್ತೆ. ನೀರೂ ಅಲ್ಲೇ ಇರುತ್ತೆ. ತೊಳೆದ ಮೇಲೆ, ಗೋಡೆಗೆ ಅಂಟಿದ್ದು ಮತ್ತೆ ಬೆಳೆಯದ ಹಾಗೆ ಒಂದು ಸಲ ಹಾಕಬಹುದು, ಡಬ್ಬಿ ಮೇಲೆ ಬರೆದಷ್ಟೇ. ತೊಳೆಯೋ ಬದಲಿಗೆ ಅಲ್ಲ. ಸೀಮೆಎಣ್ಣೆ ಬೆರೆಸಿ ಶುದ್ಧ ಮಾಡ್ತೀನಿ ಅನ್ನೋರ ಮಾತು ಕೇಳಬೇಡಿ. ಸೀಮೆಎಣ್ಣೆಗೆ ಡೀಸೆಲ್‌ನಷ್ಟು ಜಿಡ್ಡಿಲ್ಲ, ರೋಟರಿ ಪಂಪಿಗೆ ಅದೂ ಕೇಡೇ.

2ನೇ ನಾಜಲ್ ಟೆಸ್ಟರ್‌ನಲ್ಲಿ ಫೇಲಾದರೆ ಅದೊಂದು ಜೋಡಿ ಹಾಕಿಸಿ. ಪಂಪು ಬಿಚ್ಚೋ ಮಾತು, ಟ್ಯಾಂಕಿ ತೊಳೆದು ಹೊಸ ಫಿಲ್ಟರ್ ಹಾಕಿ ಓಡಿಸಿದ ಮೇಲೂ ಎಳೆತ ಕಡಿಮೆ ಇದ್ದರೆ ಮಾತ್ರ.

ಸಿಆರ್‌ಡಿಐ_ಗೌರಿಬಿದನೂರು:

ಹೊಸ ಗಾಡಿ ಇರೋರಿಗೆ ಒಂದು ಎಚ್ಚರಿಕೆ. 2023ರ ಜನವರಿ 1ರಿಂದ 50 ಎಚ್‌ಪಿಗಿಂತ ಮೇಲಿನ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್ 4 ಹೊಗೆ ನಿಯಮ ಬಂದ ಮೇಲೆ ಆ ವರ್ಗದಲ್ಲಿ ಕಾಮನ್ ರೈಲ್ (ಭಾರೀ ಒತ್ತಡದ ಡೀಸೆಲನ್ನ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರ್‌ಗೂ ಹಂಚೋ) ಗಾಡಿಗಳೇ ಹೆಚ್ಚು. ಮೇಲೆ ಹೇಳಿದ ನಟ್ ಸಡಿಲಿಸೋ ಪರೀಕ್ಷೆ ಅವುಗಳಲ್ಲಿ ಮಾಡಲೇಬೇಡಿ. ಆ ಕೊಳವೆಯ ಒತ್ತಡ 1,000 ಬಾರ್‌ಗೂ ಮೇಲೆ ಇರುತ್ತೆ, ಜೀವಕ್ಕೇ ಅಪಾಯ.

ಹೊಸ ಫಿಲ್ಟರ್‌ಗೆ ಮೊದಲೇ ಡೀಸೆಲ್ ಸುರಿದು ಕೂರಿಸೋ ಅಭ್ಯಾಸವೂ ಇವಕ್ಕೆ ಸಲ್ಲದು. ಸುರಿದ ಸೋಸದ ಡೀಸೆಲ್ ಶುದ್ಧ ಕಡೆಗೇ ಇಳಿದು ನೇರ ಪಂಪಿಗೆ ಹೋಗುತ್ತೆ. ಖಾಲಿಯೇ ಕೂರಿಸಿ ಪ್ರೈಮರ್‌ನಿಂದ ತುಂಬಿಸಿ. ಡೀಸೆಲ್‌ನಲ್ಲಿ ನೀರಿದೆ ಅಂತ ತೋರಿಸೋ ದೀಪ ಉರಿದರೆ ಆ ಸಾಲು ಮುಗಿಸ್ತೀನಿ ಅನ್ನಬೇಡಿ, ಅಲ್ಲೇ ನಿಲ್ಲಿಸಿ ಕಪ್ಪಿನ ನೀರು ಬಿಡಿ. ಎಷ್ಟೋ ಮಾಡೆಲ್‌ಗಳಲ್ಲಿ ಇಂಜೆಕ್ಟರ್ ತಲೆ ಮೇಲೆ ಕೋಡ್ ಇರುತ್ತೆ. ಬದಲಾಯಿಸಿದರೆ ಆ ಕೋಡನ್ನ ಇಸಿಯುಗೆ (ಎಂಜಿನ್ ನಡೆಸೋ ಕಂಪ್ಯೂಟರ್) ಹಾಕಿಸಬೇಕು, ಇಲ್ಲದಿದ್ದರೆ ಹೊಸದು ಹಾಕಿಯೂ ಎಂಜಿನ್ ಕುಟ್ಟುತ್ತೆ.

ಮುಳಬಾಗಿಲು_ಬೋರ್‌ವೆಲ್:

ಚಿಂತಾಮಣಿ ಅಣ್ಣ, ಟ್ಯಾಂಕಿ ಮುಚ್ಚಳವನ್ನೂ ನೋಡಿ. ರಬ್ಬರ್ ಹರಿದಿದ್ದರೆ ಪ್ರೆಶರ್ ಪಂಪಲ್ಲಿ ಗಾಡಿ ತೊಳೆದಾಗಲೆಲ್ಲ ನೀರು ಒಳಗೆ ಹೋಗುತ್ತೆ. ಮುಚ್ಚಳದ ಗಾಳಿ ತೂತು ರಾಗಿ ಒಕ್ಕಣೆಯ ಧೂಳಿಗೆ ಕಟ್ಟಿದ್ದರೆ ಟ್ಯಾಂಕಿಯಲ್ಲಿ ಗಾಳಿ ಇಲ್ಲದೆ ಎಂಜಿನ್ ಎಳೆತ ಬಿಡುತ್ತೆ, ಜನ ಅದನ್ನೂ ನಾಜಲ್ ಅಂದ್ಕೊಳ್ತಾರೆ. ಡೀಸೆಲ್ ಬೆಳಿಗ್ಗೆ ಬದಲು ಸಂಜೆ ಕೆಲಸ ಮುಗಿದ ಮೇಲೆ ತುಂಬಿಸಿ. ಗಾಡಿ ನಿಲ್ಲೋ ಬೇಸಿಗೆ ತಿಂಗಳುಗಳಲ್ಲೂ ಟ್ಯಾಂಕಿ ತುಂಬಿರಲಿ.

ತೊಳೆದ ಮೇಲೆ ಮೊದಲ ವಾರ ದಿನಾ ಬೆಳಿಗ್ಗೆ ಕಪ್ಪಿನ ಸ್ಕ್ರೂ ಸಡಿಲಿಸಿ ಅರ್ಧ ಲೋಟ ಬಿಟ್ಟು ನೋಡಿ. 50 ಗಂಟೆಗೆ ಮೊದಲ ಫಿಲ್ಟರ್ ಬಿಚ್ಚಿ, ಮತ್ತೆ ಲೋಳೆ ಕಂಡರೆ ಅದನ್ನೂ ಬದಲಾಯಿಸಿ. ಕಾಣದಿದ್ದರೆ ಗಾಡಿ ಪುಸ್ತಕದಲ್ಲಿ ಹೇಳಿದ ಗಂಟೆಗೆ ಸಾಕು.