ಡ್ರೈವರ್ ಬೀಸುವ ವೇಗ: ಬಲ ಹಾಕಿದಷ್ಟೂ ಕುಗ್ಗುವುದೇಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ, ಬಲಗೈ ಆಟಗಾರ, ಗಾಲ್ಫ್ ಆಡಲು ತೊಡಗಿ ಆರು ವರ್ಷಗಳಾದವು. ಈಚೆಗೆ ಮೊದಲ ಸಲ ಲಾಂಚ್ ಮಾನಿಟರ್ (ಹೊಡೆತದ ವೇಗ ಅಳೆಯುವ ಯಂತ್ರ) ಮುಂದೆ ನಿಂತು ಅಳೆಸಿಕೊಂಡಾಗ, ಡ್ರೈವರ್‌ನ, ಅಂದರೆ ಅತಿ ದೂರ ಹೊಡೆಯಲು ಬಳಸುವ ಉದ್ದನೆಯ ಗಾಲ್ಫ್ ಕೋಲಿನ (ಕ್ಲಬ್‌ನ), ತುದಿಯ ಹೆಡ್‌ನ ವೇಗ ಗಂಟೆಗೆ 88 ಮೈಲಿ ಎಂದು ತಿಳಿಯಿತು. ನನ್ನನ್ನು ಕಾಡುತ್ತಿರುವುದು ಆ ಅಂಕಿಯಲ್ಲ. ನಿರಾಳವಾಗಿ ಬೀಸಿದಾಗ 88 ಇದ್ದ ವೇಗ, ಮೈಯ ಶಕ್ತಿಯನ್ನೆಲ್ಲ ಒಗ್ಗೂಡಿಸಿ ಹೊಡೆದಾಗ 86ಕ್ಕೆ ಇಳಿಯಿತು. ಚೆಂಡು ಕೂಡ ಪ್ರತಿ ಸಲವೂ ಬಲಕ್ಕೆ ಬಾಗಿ ಹೋಯಿತು. ಹೆಚ್ಚು ಬಲ ಹಾಕಿದರೆ ವೇಗ ಕಡಿಮೆಯಾಗುವುದು ಹೇಗೆ? ಹೊಸ ಕ್ಲಬ್ ಕೊಳ್ಳುವ ಮೊದಲು ಸ್ವಿಂಗ್‌ನಲ್ಲಿ (ಬೀಸುವ ರೀತಿಯಲ್ಲಿ) ಏನನ್ನು ತಿದ್ದಿಕೊಳ್ಳಬೇಕೆಂದು ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ಉತ್ತರ 1

ವೇಗ ಇಳಿದದ್ದಕ್ಕೂ ಚೆಂಡು ಬಲಕ್ಕೆ ಬಾಗಿದ್ದಕ್ಕೂ ಕಾರಣ ಒಂದೇ ಇರಬಹುದೆಂದು ನನಗೆ ತೋರುತ್ತದೆ. ಕ್ಲಬ್ ಮೇಲಿನಿಂದ ಚೆಂಡಿನವರೆಗೆ ಇಳಿದು ಬರಲು ಹಿಡಿಯುವ ಸಮಯ ಸುಮಾರು ಕಾಲು ಸೆಕೆಂಡು ಮಾತ್ರ. ಅಷ್ಟರಲ್ಲಿಯೇ ಮೊದಲು ಸೊಂಟ, ಬಳಿಕ ಎದೆಭಾಗ, ಬಳಿಕ ತೋಳುಗಳು, ಕೊನೆಗೆ ಕ್ಲಬ್ ಎಂಬ ಕ್ರಮದಲ್ಲಿ ಒಂದೊಂದೂ ವೇಗ ಪಡೆದು, ತಾನು ನಿಧಾನವಾಗುತ್ತ ಮುಂದಿನದಕ್ಕೆ ಆ ವೇಗವನ್ನು ದಾಟಿಸಬೇಕು. ಚಾಟಿ ಬೀಸುವಾಗ ಹಿಡಿಕೆ ತಡೆದಂತಾದಾಗಲೇ ತುದಿ ಚಿಮ್ಮುವುದನ್ನು ನೆನಪಿಸಿಕೊಳ್ಳಿ.

ಜೋರಾಗಿ ಹೊಡೆಯಬೇಕೆಂಬ ಆತುರದಲ್ಲಿ ಬಲಭುಜ ಮತ್ತು ಕೈಗಳು ಸೊಂಟಕ್ಕಿಂತ ಮೊದಲೇ ಹೊರಟುಬಿಡುತ್ತವೆ. ಆಗ ಮಣಿಕಟ್ಟಿನ ಮಡಿಕೆ ಬೇಗನೆ ಬಿಚ್ಚಿಕೊಂಡು, ಕ್ಲಬ್‌ನ ಗರಿಷ್ಠ ವೇಗ ಚೆಂಡಿಗೆ ತಲುಪುವ ಮುನ್ನವೇ ಮುಗಿದುಹೋಗಿರುತ್ತದೆ. ಜೊತೆಗೆ ಕ್ಲಬ್ ಹೊರಗಿನಿಂದ ಒಳಕ್ಕೆ, ಅಂದರೆ ಚೆಂಡಿನ ಆಚೆಯಿಂದ ನಿಮ್ಮ ಕಡೆಗೆ, ಅಡ್ಡವಾಗಿ ಬರುವುದರಿಂದ ಚೆಂಡು ಬಲಕ್ಕೆ ಸುತ್ತಿಕೊಳ್ಳುತ್ತದೆ. ಎಲ್‌ಪಿಜಿಎ (ವೃತ್ತಿಪರ ಮಹಿಳಾ ಗಾಲ್ಫ್) ಸರಣಿಯ ಆಟಗಾರ್ತಿಯರ ಸರಾಸರಿ ಡ್ರೈವರ್ ವೇಗ ಗಂಟೆಗೆ ಸುಮಾರು 94 ಮೈಲಿ. ತಮಗಿಂತ ಹೆಚ್ಚು ತೋಳ್ಬಲವುಳ್ಳ ಎಷ್ಟೋ ಹವ್ಯಾಸಿ ಗಂಡಸರನ್ನು ಅವರು ಮೀರಿಸುವುದರಲ್ಲಿ ಈ ಕ್ರಮದ ಪಾಲು ದೊಡ್ಡದು.

ಪರೀಕ್ಷಿಸುವ ಬಗೆ ಸುಲಭವಾಗಿದೆ. ಡ್ರೈವರನ್ನು ತಲೆಕೆಳಗಾಗಿ, ಅಂದರೆ ಹೆಡ್‌ಗೆ ಹತ್ತಿರದ ಸಪೂರ ಭಾಗದಲ್ಲಿ ಹಿಡಿದು ಗಾಳಿಯಲ್ಲಿ ಬೀಸಿ. 'ಸುಯ್' ಎಂಬ ಸದ್ದು ಎಲ್ಲಿ ಅತಿ ಜೋರಾಗಿ ಕೇಳಿಸುತ್ತದೆಯೋ ಅಲ್ಲಿಯೇ ನಿಮ್ಮ ವೇಗ ಖರ್ಚಾಗುತ್ತಿದೆ. ಅದು ಚೆಂಡು ಇರುವ ಜಾಗದಲ್ಲಿ, ಇಲ್ಲವೇ ಅದಕ್ಕಿಂತ ತುಸು ಮುಂದೆ ಕೇಳಿಸಬೇಕು.

ಉತ್ತರ 2

ಮೇಲಿನ ಮಾತಿಗೆ ಸೇರಿಸುವುದು ಸ್ವಲ್ಪವೇ ಇದೆ. ಗ್ರಿಪ್ (ಕ್ಲಬ್‌ನ ಹಿಡಿಕೆ) ಎಡ ಅಂಗೈಯ ನಡುವೆ ಕುಳಿತಿದೆಯೋ ಬೆರಳುಗಳ ಬುಡದಲ್ಲಿದೆಯೋ ನೋಡಿಕೊಳ್ಳಿ; ಅಂಗೈಯಲ್ಲಿ ಬಿಗಿಹಿಡಿದರೆ ಮಣಿಕಟ್ಟು ಮಡಿಯುವುದೇ ಇಲ್ಲ. ಬ್ಯಾಕ್‌ಸ್ವಿಂಗ್‌ನಲ್ಲಿ (ಕ್ಲಬ್ಬನ್ನು ಹಿಂದಕ್ಕೆ ಎತ್ತುವಾಗ) ಭುಜಗಳು ಪೂರ್ತಿ ತಿರುಗುತ್ತಿಲ್ಲವಾದರೆ ಎಡ ಹಿಮ್ಮಡಿಯನ್ನು ನೆಲದಿಂದ ಏಳಲು ಬಿಡಿ. ಹೆಸರಾಂತ ಗಾಲ್ಫ್ ಆಟಗಾರ ಜ್ಯಾಕ್ ನಿಕ್ಲಾಸ್ ಹಾಗೆಯೇ ಆಡಿದವರು. ಮತ್ತೆ ಆ ಹಿಮ್ಮಡಿಯನ್ನು ನೆಲಕ್ಕೆ ಊರುವುದೇ ಕೆಳಮುಖ ಚಲನೆಯ ಮೊದಲ ಹೆಜ್ಜೆಯಾದರೆ, ಸೊಂಟ ತಾನಾಗಿಯೇ ಮುಂದಾಳಾಗುತ್ತದೆ.

ಉತ್ತರ 3

ಕ್ರಮದ ವಿಷಯವನ್ನು ಒಪ್ಪುತ್ತೇನೆ, ಆದರೆ ಕ್ರಮವೊಂದರಿಂದಲೇ ವೇಗ ಬೆಳೆಯುತ್ತಲೇ ಹೋಗುವುದಿಲ್ಲ. ವೇಗವಾಗಿ ಚಲಿಸುವುದನ್ನು ದೇಹಕ್ಕೆ ಪ್ರತ್ಯೇಕವಾಗಿ ಕಲಿಸಬೇಕಾಗುತ್ತದೆ. 2020ರ ಯು.ಎಸ್. ಓಪನ್ ಗಾಲ್ಫ್ ಪಂದ್ಯಾವಳಿ ಗೆದ್ದ ಬ್ರೈಸನ್ ಡಿಶಾಂಬೋ ಅದಕ್ಕೂ ಮುನ್ನ ತಮ್ಮ ಮೈಕಟ್ಟನ್ನೂ ವೇಗದ ಅಭ್ಯಾಸವನ್ನೂ ಒಟ್ಟಿಗೆ ಬೆಳೆಸಿಕೊಂಡಿದ್ದರು. ನಾನು ವಾರಕ್ಕೆ ಎರಡು ದಿನ, ಮೈ ಚೆನ್ನಾಗಿ ಬೆಚ್ಚಗಾದ ಮೇಲೆ, ಚೆಂಡಿಲ್ಲದೆ ಹತ್ತು ಹದಿನೈದು ಬಾರಿ ಪೂರ್ಣ ವೇಗದಲ್ಲಿ ಬೀಸುತ್ತೇನೆ, ಪ್ರತಿ ಸಲವೂ ಅರ್ಧ ನಿಮಿಷ ಬಿಡುವು ಕೊಡುತ್ತೇನೆ. ದಣಿದ ಮೈಯಿಂದ ಬೀಸುವುದು ನಿಧಾನವನ್ನೇ ರೂಢಿಸಿಕೊಂಡಂತೆ. ಬೆನ್ನಿನ ಕೆಳಭಾಗದಲ್ಲಿ ನೋವು ಕಾಣಿಸಿದರೆ ಅಂದಿಗೆ ನಿಲ್ಲಿಸಿಬಿಡಿ.

ಇನ್ನೊಂದು ಲೆಕ್ಕವನ್ನು ದಯವಿಟ್ಟು ಮರೆಯಬೇಡಿ. ಡ್ರೈವರ್‌ನ ಮುಖದ (ಚೆಂಡಿಗೆ ತಗುಲುವ ಬದಿಯ) ನಟ್ಟನಡುವೆ ತಗುಲಿದರೆ ಚೆಂಡಿನ ವೇಗ ಕ್ಲಬ್‌ನ ವೇಗದ ಸುಮಾರು ಒಂದೂವರೆ ಪಟ್ಟು, ಅಂದರೆ ನಿಮ್ಮ 88ಕ್ಕೆ 132 ಮೈಲಿ. ಅಂಚಿಗೆ ತಗುಲಿ ಅದು 1.4 ಪಟ್ಟಿಗೆ ಇಳಿದರೆ ಸಿಗುವುದು 123 ಮಾತ್ರ. 82 ಮೈಲಿಯಲ್ಲಿ ನಡುವೆ ಹೊಡೆದವರಿಗೂ ಅಷ್ಟೇ ಸಿಗುತ್ತದೆ. ಕ್ಲಬ್‌ನ ಮುಖಕ್ಕೆ ತುಸು ಪೌಡರ್ ಹಚ್ಚಿ ಹೊಡೆದರೆ ಚೆಂಡಿನ ಗುರುತು ಎಲ್ಲಿ ಬೀಳುತ್ತದೆಂದು ಕಾಣುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಕ್ಲಬ್ ತಲೆಕೆಳಗಾಗಿ ಹಿಡಿದು ಬೀಸಿ ನೋಡಿದೆ. ನಿರಾಳವಾಗಿ ಬೀಸಿದಾಗ ಸದ್ದು ಬಲಗಾಲಿನ ಬಳಿ ಕೇಳಿಸಿತು. ಬಲ ಹಾಕಿದಾಗ ಬಲಭುಜದ ಪಕ್ಕದಲ್ಲಿಯೇ ಮುಗಿದುಹೋಯಿತು. ಎಡ ಹಿಮ್ಮಡಿಯನ್ನು ಮೊದಲು ಊರಿ ಬೀಸಿದಾಗ ಹತ್ತರಲ್ಲಿ ಮೂರು ನಾಲ್ಕು ಸಲ ಸದ್ದು ಚೆಂಡಿನ ಜಾಗಕ್ಕೆ ಬಂತು. ಇದನ್ನು ಚೆಂಡಿಟ್ಟು ಯಾವಾಗ ಪ್ರಯತ್ನಿಸಬಹುದು?

ಉತ್ತರ 1

ಹತ್ತರಲ್ಲಿ ಎಂಟು ಸಲವಾದರೂ ಸದ್ದು ಅಲ್ಲಿಗೆ ಬರುವವರೆಗೆ ಚೆಂಡು ಬೇಡ. ಅನಂತರವೂ ಮೊದಲು ಏಳನೇ ಐರನ್‌ನಿಂದ (ಡ್ರೈವರ್‌ಗಿಂತ ಗಿಡ್ಡದಾದ ಕ್ಲಬ್), ಅರ್ಧ ಸ್ವಿಂಗ್‌ನಲ್ಲಿ ಆರಂಭಿಸಿ. ಚೆಂಡು ಕಣ್ಣಿಗೆ ಬಿದ್ದೊಡನೆ ಬಲಭುಜ ಮತ್ತೆ ಮುನ್ನುಗ್ಗಲು ನೋಡುತ್ತದೆ.