ಮಾರ್ಚ್ 8ಕ್ಕೆ ರಂಗೋಲಿ, ಭಾಷಣ ಬಿಟ್ಟು ಬೇರೇನು ಮಾಡಿದ್ದೀರಿ?

ಪೀಣ್ಯದ ಗಾರ್ಮೆಂಟ್ಸ್ ಟೈಲರ್:
ನಮ್ಮ ಯೂನಿಯನ್‌ನಲ್ಲಿ ಮಹಿಳಾ ದಿನ ಅಂದ್ರೆ ರಂಗೋಲಿ ಸ್ಪರ್ಧೆ, ಮ್ಯೂಸಿಕಲ್ ಚೇರ್, ಅತಿಥಿಗಳ ಭಾಷಣ, ಕೊನೆಗೊಂದು ಸ್ಟೀಲ್ ಡಬ್ಬಿ. ವೇದಿಕೆ ತುಂಬ ಗಂಡಸರು. ಈ ಸಲ ಹೊಣೆ ನನ್ನ ತಲೆಗೆ ಬಂದಿದೆ. ನೂರೈವತ್ತು ಜನ ಬರಬಹುದು, ದುಡ್ಡು ಕಡಿಮೆ. ಇದು ಹೋರಾಟದ ದಿನ ಅಂತ ಅನ್ನಿಸಬೇಕು. ಮಾಡಿ ನೋಡಿದವರು ಹೇಳಿ.

ಬೊಮ್ಮನಹಳ್ಳಿಯಿಂದ, ಹಳೇ ಗಾರ್ಮೆಂಟ್ಸ್‌ನವಳು:
ಮೊದಲು ಹೊತ್ತು ಸರಿಯಾಗಿ ಇಟ್ಕೊಳ್ಳಿ. ನಾವೊಮ್ಮೆ ಕೆಲಸ ಬಿಟ್ಟ ಮೇಲೆ ಸಂಜೆ ಆರಕ್ಕೆ ಇಟ್ವಿ. ಅವತ್ತು ನೀರು ಬಿಡೋ ದಿನ ಬೇರೆ. ಏಳಕ್ಕೆಲ್ಲ ಅರ್ಧ ಕುರ್ಚಿ ಖಾಲಿ. ಮರುವರ್ಷ ಭಾನುವಾರ ಹನ್ನೊಂದಕ್ಕೆ ಮಾಡಿದ್ವಿ, ಊಟ ಅಲ್ಲೇ. ಎಂಟನೇ ತಾರೀಖೇ ಆಗಬೇಕು ಅನ್ನೋ ಹಟ ಬೇಡ. 1911ರಲ್ಲಿ ಜರ್ಮನಿ, ಆಸ್ಟ್ರಿಯಾ ಕಡೆ ಮೊದಲ ಸಲ ಆಚರಿಸಿದ್ದೇ ಮಾರ್ಚ್ 19ಕ್ಕೆ.

ಭಾಷಣದ ಜಾಗದಲ್ಲಿ 2016ರ ಏಪ್ರಿಲ್ ಕಥೆ ಹೇಳಿಸಿ. ಪಿಎಫ್‌ನಲ್ಲಿ ಮಾಲೀಕರ ಪಾಲಿನ ದುಡ್ಡು 58 ವರ್ಷ ಆಗೋವರೆಗೂ ಸಿಗಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಾಗ ಹೊಸೂರು ರಸ್ತೆಗೆ ಇಳಿದವರು ನಾವೇ ತಾನೆ? ಯಾವ ಲೀಡರೂ ಕರೆದಿರಲಿಲ್ಲ. 18ಕ್ಕೆ ರಸ್ತೆ ತುಂಬಿತು, 19ಕ್ಕೆ ನಿಯಮ ವಾಪಸ್ ಹೋಯ್ತು. ನಿಮ್ಮ ಕಡೆ ಆವತ್ತು ಬಂದವರು ಇನ್ನೂ ಯಾವುದೋ ಲೈನ್‌ನಲ್ಲಿ ಕೂತು ಹೊಲೀತಿರ್ತಾರೆ, ಹುಡುಕಿ. ನಾವು ಮೂವರನ್ನು ಕರೆದಿದ್ವಿ. ಒಬ್ಬಾಕೆ ಮೈಕ್ ನೋಡಿಯೇ ಬೆವತುಹೋದಳು. ನಾನು ಪಕ್ಕದಲ್ಲಿ ಕೂತು, 'ಆವತ್ತು ಡಬ್ಬಿಗೆ ಏನು ಕಟ್ಕೊಂಡು ಹೋಗಿದ್ದೆ?' ಅಂದೆ. ಅಲ್ಲಿಂದ ಶುರುವಾಗಿದ್ದು ಇಪ್ಪತ್ತು ನಿಮಿಷ ನಿಲ್ಲಲಿಲ್ಲ. ಲಾಠಿ ಏಟಿನ ವಿಷಯ ಬಂದಾಗ ಹಿಂದೆ ಕೂತಿದ್ದ ಹೊಸ ಹುಡುಗಿಯರು ಮೊಬೈಲ್ ಕೆಳಗಿಟ್ಟರು.

ಧಾರವಾಡದ ಅಂಗನವಾಡಿ ಕಾರ್ಯಕರ್ತೆ:
ಮೆರವಣಿಗಿ ಬಿಡಬ್ಯಾಡ್ರಿ. ಸಣ್ಣದಾದ್ರೂ ಅಡ್ಡಿಯಿಲ್ಲ, ಹಾಡು ಬರೋರು ಮುಂದಿರಬೇಕು. ಶಕ್ತಿ ಯೋಜನೆ ಬಂದ ಮ್ಯಾಲೆ ಬಸ್ಸಿನ ಖರ್ಚು ಉಳದೈತಿ, ಆದ್ರ ಆಧಾರ್ ತರ್ರಿ ಅಂತ ಹಿಂದಿನ ದಿನಾನ ಹೇಳ್ರಿ. ನಮ್ಮೋರು ನಾಕು ಮಂದಿ ಮರತು ಟಿಕೆಟ್ ತಗದ್ರು, ಇನ್ನೂ ಬೈತಾರ. ನಮಗೂ ಗ್ರಾಚ್ಯುಟಿ ಹಕ್ಕು ಐತಿ ಅಂತ 2022ರಾಗ ಸುಪ್ರೀಂ ಕೋರ್ಟ್ ಹೇಳ್ತಲ್ಲ, ಅದನ್ನ ನಾವು ನಾಟಕ ಮಾಡಿದ್ವಿ. ಒಬ್ಬಾಕಿ ಸಾಹೇಬ, ಇನ್ನೊಬ್ಬಾಕಿ ತಲಿ ಮ್ಯಾಲೆ ಹತ್ತು ರಜಿಸ್ಟರ್ ಹೊತ್ತ ಟೀಚರ್. ಮಂದಿ ನಕ್ಕಿದ್ದೇ ನಕ್ಕಿದ್ದು.

ಮೈಸೂರಿನಿಂದ:
ರಂಗೋಲಿ ಮೇಲೆ ಯಾಕಷ್ಟು ಸಿಟ್ಟು? ಅದಕ್ಕೇ ಅಂತ ಬರೋರು ಇರ್ತಾರೆ. ನಾವು ವಿಷಯ ಮಾತ್ರ ಬದಲಿಸಿದ್ವಿ: 'ನನ್ನ ಕೆಲಸದ ಜಾಗ'. ಒಬ್ಬಳು ಟಾಯ್ಲೆಟ್ ಬಾಗಿಲು ಬಿಡಿಸಿ ಅದಕ್ಕೆ ಅರಿಶಿನದಲ್ಲಿ ದೊಡ್ಡ ಬೀಗ ಹಾಕಿದ್ದಳು. ಮೊದಲ ಬಹುಮಾನ ಅವಳಿಗೇ.

ಪೀಣ್ಯದ ಟೈಲರ್:
ಕಂಪನಿಯ ಎಚ್‌ಆರ್‌ನವರು ಊಟ ಕೊಡಿಸ್ತೀವಿ ಅಂತಿದ್ದಾರೆ. ಒಪ್ಪಿಕೊಳ್ಳಲಾ?

ಕಾರ್ಮಿಕ ಕೇಸು ನೋಡುವ ವಕೀಲೆ, ಬೆಂಗಳೂರು:
ಬೇಡ. ಅವರು ಮುಂದಿನ ಸಾಲಲ್ಲಿ ಕೂತರೆ ಸೂಪರ್‌ವೈಸರ್ ಬೈಗುಳದ ಬಗ್ಗೆ ಯಾರು ಬಾಯಿ ಬಿಡ್ತಾರೆ? ಅದರ ಬದಲು ಒಂದು ಕೆಲಸ ಮಾಡಿ. ಹತ್ತು ಜನರಿಗಿಂತ ಕಡಿಮೆ ಇಲ್ಲದ ಕೆಲಸದ ಜಾಗದಲ್ಲೆಲ್ಲ ಲೈಂಗಿಕ ಕಿರುಕುಳದ ದೂರು ಕೇಳೋಕೆ ಆಂತರಿಕ ಸಮಿತಿ ಇರಬೇಕು, ಅದು ರಚನೆಯಾದ ಆದೇಶ ಕಣ್ಣಿಗೆ ಬೀಳೋ ಕಡೆ ಹಾಕಿರಬೇಕು. 2013ರ ಕಾನೂನು. 'ನಿಮ್ಮ ಸಮಿತಿಯಲ್ಲಿ ಯಾರಿದ್ದಾರೆ, ಕೈ ಎತ್ತಿ ಹೇಳಿ' ಅಂತ ಸಭೆಯಲ್ಲಿ ಕೇಳಿ. ನಾನು ಕೇಳಿದಾಗ ತುಂಬಿದ ಹಾಲ್‌ನಲ್ಲಿ ಎದ್ದಿದ್ದು ಆರು ಕೈ. ಅವತ್ತೇ ಅರ್ಜಿ ಬರೆದು ಸಹಿ ಹಾಕಿಸಿದ್ವಿ.

ಬೊಮ್ಮನಹಳ್ಳಿಯವಳೇ, ಮತ್ತೆ:
ಮಕ್ಕಳನ್ನು ನೋಡ್ಕೊಳ್ಳೋಕೆ ಒಂದು ಮೂಲೆ, ಇಬ್ಬರು ಜನ. ಅಡುಗೆ, ಬಡಿಸೋದು, ಪಾತ್ರೆ ಯೂನಿಯನ್ ಗಂಡಸರಿಗೆ. ಹೆಸರು ಬರೆಸಿಯೇ ಬಿಡಿ, ಬಾಯಿಮಾತು ನಂಬಬೇಡಿ.

ಪೀಣ್ಯದ ಟೈಲರ್:
ಊಟ ಬೇಡ ಅಂತ ಹೇಳಿ ಬಂದೆ. ಚಿತ್ರಾನ್ನ ಮಾಡೋಕೆ ಆರು ಜನ ಗಂಡಸರು ಹೆಸರು ಕೊಟ್ಟಿದ್ದಾರೆ. ಕಾಯಿ ತುರಿಯೋದು ಯಾರು ಅನ್ನೋದು ಮಾತ್ರ ಇನ್ನೂ ಇತ್ಯರ್ಥ ಆಗಿಲ್ಲ.